ಬೈಪಾಸ್ ನಂತರದ ಚೇತರಿಕೆ: ದೇಹದ ಕೊಬ್ಬು ಏನನ್ನು ಸೂಚಿಸುತ್ತದೆ, ಏನನ್ನು ಸೂಚಿಸುವುದಿಲ್ಲ?

ಮನೆಯಲ್ಲಿ ಯಾರಿಗಾದರೂ ಬೈಪಾಸ್ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಗೊತ್ತಾದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತವೆ. ರೋಗಿ ದಪ್ಪಗಿದ್ದರೆ, ‘ಇಷ್ಟು ತೂಕ ಇಟ್ಕೊಂಡು ಆಪರೇಷನ್ ತಡ್ಕೊಳ್ಳೋದು ಕಷ್ಟ, ಮೊದಲು ಹತ್ತು ಕೆ.ಜಿ. ಇಳಿಸಲಿ’ ಎನ್ನುತ್ತಾರೆ. ತೆಳ್ಳಗಿದ್ದರೆ, ‘ಮೈಯಲ್ಲಿ ಬೊಜ್ಜೇ ಇಲ್ಲ, ವಾರದಲ್ಲಿ ಎದ್ದು ಓಡಾಡ್ತಾರೆ ಬಿಡಿ’ ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಎರಡೂ ಪೂರ್ತಿ ನಿಜವಲ್ಲ. ಮೊದಲ ಮಾತನ್ನು ನಂಬಿ ಬೇಗ ಆಗಬೇಕಾದ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ ಜೀವಕ್ಕೇ ಅಪಾಯ. ಎರಡನೆಯದನ್ನು ನಂಬಿ ರಕ್ತದ ಸಕ್ಕರೆಯನ್ನು ಕಡೆಗಣಿಸಿದರೆ ಎದೆಯ ಗಾಯ ಮಾಯುವುದೇ ಕಷ್ಟವಾಗಬಹುದು.

ಇದರ ಜೊತೆಗೆ ಈಗ ಮೂರನೆಯ ಮಾತೂ ಸೇರಿಕೊಂಡಿದೆ: ‘ಕೊಬ್ಬಿನ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿದರೆ ಆಪರೇಷನ್ ಹೇಗಾಗುತ್ತದೆ ಎಂದು ಮೊದಲೇ ತಿಳಿಯುತ್ತದೆಯಂತೆ, ಹೌದೇ?’ ಈ ಬರಹದಲ್ಲಿ ನಾವು ಮೂರೂ ಮಾತುಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು ಮೆಟಬಾಲಿಕ್ ಸಿಂಡ್ರೋಮ್ ಎಂದರೇನು, ದೇಹದ ಕೊಬ್ಬು ಏನು ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಮೆಟಬಾಲಿಕ್ ಸಿಂಡ್ರೋಮ್ ಎಂದರೇನು?

ಇದು ಒಂದೇ ಕಾಯಿಲೆಯಲ್ಲ, ಜೊತೆಜೊತೆಯಾಗಿ ಕಾಣಿಸಿಕೊಳ್ಳುವ ಕೆಲವು ತೊಂದರೆಗಳ ಕೂಟ. 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಒಂದು ಉಪನ್ಯಾಸದಲ್ಲಿ, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ಏರಿದ ರಕ್ತದೊತ್ತಡ, ಏರಿದ ಟ್ರೈಗ್ಲಿಸರೈಡ್ ಇವೆಲ್ಲ ಒಂದೇ ಗುಂಪಾಗಿ ಬರುವುದನ್ನು ಗಮನಕ್ಕೆ ತಂದು ಅದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಮುಂದೆ ಅದಕ್ಕೇ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರು ನಿಂತಿತು.

2009ರಲ್ಲಿ ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಒಪ್ಪಿಕೊಂಡ ಅಳತೆಗೋಲಿನಂತೆ, ಕೆಳಗಿನ ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್ ಎನ್ನಲಾಗುತ್ತದೆ:

• ಸೊಂಟದ ಸುತ್ತಳತೆ ಹೆಚ್ಚಿರುವುದು: ದಕ್ಷಿಣ ಏಷ್ಯಾದವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಥವಾ ಹೆಚ್ಚು
• ಟ್ರೈಗ್ಲಿಸರೈಡ್ 150 ಮಿ.ಗ್ರಾಂ. ಅಥವಾ ಹೆಚ್ಚು (ಪ್ರತಿ ಡೆಸಿಲೀಟರ್‌ಗೆ)
• ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ
• ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನ ಅಂಕಿ 85 ಮುಟ್ಟಿರುವುದು, ಇಲ್ಲವೇ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವುದು
• ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ಇಲ್ಲವೇ ಸಕ್ಕರೆ ಕಾಯಿಲೆಗೆ ಔಷಧ ನಡೆಯುತ್ತಿರುವುದು

ಈ ಪಟ್ಟಿಯಲ್ಲಿ ದೇಹದ ತೂಕ ಎಲ್ಲಿಯೂ ಇಲ್ಲ. ಇರುವುದು ಸೊಂಟದ ಅಳತೆ. ಎಷ್ಟು ಕೊಬ್ಬಿದೆ ಎನ್ನುವುದರ ಜೊತೆಗೆ ಎಲ್ಲಿ ಸೇರಿಕೊಂಡಿದೆ ಎನ್ನುವುದೂ ಮುಖ್ಯ ಎಂಬುದು ಇಲ್ಲಿಂದಲೇ ಹೊಳೆಯುತ್ತದೆ.

ಕೊಬ್ಬು ಬರೀ ಗೋದಾಮಲ್ಲ

ಬಹಳ ಕಾಲ ಕೊಬ್ಬನ್ನು ಕಣಜದ ಹಾಗೆ ನೋಡಲಾಗುತ್ತಿತ್ತು. ಉಂಡು ಮಿಕ್ಕಿದ್ದನ್ನು ಕೂಡಿಡುವ, ಬೇಕಾದಾಗ ತೆಗೆದುಕೊಡುವ ಜಾಗ, ಅಷ್ಟೇ. 1990ರ ದಶಕದಲ್ಲಿ ಈ ತಿಳಿವಳಿಕೆ ಬದಲಾಯಿತು. 1993ರಲ್ಲಿ, ಉರಿಯೂತವನ್ನು ಉಂಟುಮಾಡುವ ಟಿಎನ್‌ಎಫ್-ಆಲ್ಫಾ ಎಂಬ ಪ್ರೋಟೀನು ಬೊಜ್ಜಿರುವ ಇಲಿಗಳ ಕೊಬ್ಬಿನಲ್ಲಿ ಹೆಚ್ಚಾಗಿ ತಯಾರಾಗುತ್ತದೆ, ಇನ್ಸುಲಿನ್ ಕೆಲಸಕ್ಕೆ ಅದು ಅಡ್ಡಿ ಮಾಡುತ್ತದೆ ಎಂದು ತಿಳಿಯಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಅದು ತಯಾರಾಗುವುದು ಕೊಬ್ಬಿನ ಕೋಶಗಳಲ್ಲಿ. ಮಿದುಳಿಗೆ ‘ದಾಸ್ತಾನು ಸಾಕಷ್ಟಿದೆ’ ಎಂದು ತಿಳಿಸುವುದು ಅದರ ಕೆಲಸ. ಅಂದರೆ ಥೈರಾಯ್ಡ್, ಮೇದೋಜೀರಕ ಗ್ರಂಥಿಗಳ ಹಾಗೆಯೇ ಕೊಬ್ಬೂ ರಕ್ತದ ಮೂಲಕ ಸುದ್ದಿ ಕಳಿಸುವ ಅಂಗ.

ಕೊಬ್ಬಿನ ಕೋಶಗಳು ಅಳತೆ ಮೀರಿ ಊದಿಕೊಂಡಾಗ ಅವಕ್ಕೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಸಾಯುತ್ತವೆ. ಅವನ್ನು ತೆರವು ಮಾಡಲು ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಇದರಿಂದ ಆ ಜಾಗದಲ್ಲಿ ಸಣ್ಣ ಪ್ರಮಾಣದ, ಆದರೆ ಬಿಡದೆ ನಡೆಯುವ ಉರಿಯೂತ ಶುರುವಾಗುತ್ತದೆ. ಜ್ವರ ಬರುವುದಿಲ್ಲ, ನೋವೂ ಇರುವುದಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಇರುತ್ತದೆ.

ಎಲ್ಲ ಕೊಬ್ಬೂ ಹೀಗೆ ವರ್ತಿಸುವುದಿಲ್ಲ. ತೊಡೆ, ತೋಳುಗಳ ಚರ್ಮದಡಿಯ ಕೊಬ್ಬು ಹೆಚ್ಚು ಕಡಿಮೆ ಸಾಧು. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಕೂಡುವ ಕೊಬ್ಬು ಹೆಚ್ಚು ತೊಂದರೆ ಕೊಡುತ್ತದೆ. ಇದನ್ನು ತೋರಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 10 ಕೆ.ಜಿ.ಯಷ್ಟು ಕೊಬ್ಬನ್ನು ಲೈಪೊಸಕ್ಷನ್ ಮೂಲಕ ಹೀರಿ ತೆಗೆದು, 10ರಿಂದ 12 ವಾರಗಳ ನಂತರ ಪರೀಕ್ಷಿಸಲಾಯಿತು. ಇನ್ಸುಲಿನ್ ಕೆಲಸ, ರಕ್ತದೊತ್ತಡ, ಉರಿಯೂತದ ಸೂಚಕಗಳು ಯಾವುದೂ ಸುಧಾರಿಸಿರಲಿಲ್ಲ. ಊಟ ಮತ್ತು ವ್ಯಾಯಾಮದಿಂದ ಇಷ್ಟೇ ಕೊಬ್ಬು ಕರಗಿದ್ದರೆ ಸುಧಾರಣೆ ಕಾಣುತ್ತಿತ್ತು, ಏಕೆಂದರೆ ಆಗ ಹೊಟ್ಟೆಯೊಳಗಿನ ಮತ್ತು ಯಕೃತ್ತಿನೊಳಗಿನ ಕೊಬ್ಬೂ ಕರಗುತ್ತದೆ, ಉಳಿದ ಕೊಬ್ಬುಕೋಶಗಳೂ ಕುಗ್ಗುತ್ತವೆ.

ಸೂಚಕಗಳು ಯಾವುವು?

ದೇಹದೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಳೆದು ತಿಳಿಯಲು ನೆರವಾಗುವ ವಸ್ತುವನ್ನು ಜೈವಿಕ ಸೂಚಕ ಎನ್ನುತ್ತೇವೆ. ಕೊಬ್ಬಿಗೆ ಸಂಬಂಧಿಸಿದಂತೆ ಹೆಚ್ಚು ಚರ್ಚೆಯಲ್ಲಿರುವ ಸೂಚಕಗಳು ಇವು:

ಲೆಪ್ಟಿನ್: ಕೊಬ್ಬು ಹೆಚ್ಚಿದಂತೆ ಏರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸಹಜವಾಗಿಯೇ ಹೆಚ್ಚು.

ಅಡಿಪೊನೆಕ್ಟಿನ್: ಇದು ವಿಚಿತ್ರ. ಕೊಬ್ಬಿನಲ್ಲೇ ತಯಾರಾದರೂ ಹೊಟ್ಟೆಯ ಬೊಜ್ಜು ಹೆಚ್ಚಿದಷ್ಟೂ ಇಳಿಯುತ್ತದೆ. ಇನ್ಸುಲಿನ್ ಕೆಲಸಕ್ಕೆ ನೆರವಾಗುತ್ತದೆ, ರಕ್ತನಾಳಗಳ ಒಳಪದರವನ್ನು ಕಾಪಾಡುತ್ತದೆ. ಮೆಟಬಾಲಿಕ್ ಸಿಂಡ್ರೋಮ್ ಇರುವವರಲ್ಲಿ ಸಾಮಾನ್ಯವಾಗಿ ಕಡಿಮೆ.

ಇಂಟರ್‌ಲ್ಯೂಕಿನ್-6: ಉರಿಯೂತದ ಸುದ್ದಿ ಹೊತ್ತೊಯ್ಯುವ ಪ್ರೋಟೀನು. ವಿಶ್ರಾಂತಿಯಲ್ಲಿರುವಾಗ ರಕ್ತದಲ್ಲಿರುವ ಇದರ ಗಣನೀಯ ಪಾಲು ಕೊಬ್ಬಿನಿಂದಲೇ ಬಂದಿರುತ್ತದೆ.

ಸಿ-ರಿಯಾಕ್ಟಿವ್ ಪ್ರೋಟೀನ್ (ಸಿಆರ್‌ಪಿ): ಇದನ್ನು ಮುಖ್ಯವಾಗಿ ತಯಾರಿಸುವುದು ಕೊಬ್ಬಲ್ಲ, ಯಕೃತ್ತು. ಆದರೆ ತಯಾರಿಸು ಎಂಬ ಆದೇಶ ಬರುವುದು ಇಂಟರ್‌ಲ್ಯೂಕಿನ್-6ರಿಂದ. ಸಾಮಾನ್ಯ ಪ್ರಯೋಗಾಲಯಗಳಲ್ಲೂ ಸುಲಭವಾಗಿ ಅಳೆಯಬಹುದು.

ಪಿಎಐ-1: ಹೆಪ್ಪುಗಟ್ಟಿದ ರಕ್ತ ಕರಗುವುದನ್ನು ತಡೆಯುತ್ತದೆ. ಹೊಟ್ಟೆಯ ಬೊಜ್ಜಿನಲ್ಲಿ ಏರಿರುತ್ತದೆ.

ರಕ್ತದಲ್ಲಿ ಸಿಗದ ಇನ್ನೊಂದು ಸೂಚಕವೂ ಇದೆ. ಅದು ಹೃದಯದ ಮೇಲೆಯೇ ಇರುವ ಕೊಬ್ಬು.

ಹೃದಯಕ್ಕೆ ಅಂಟಿಕೊಂಡಿರುವ ಕೊಬ್ಬು

ಹೃದಯದ ಸ್ನಾಯು ಮತ್ತು ಅದನ್ನು ಸುತ್ತಿರುವ ಪೊರೆಯ ನಡುವೆ ಆರೋಗ್ಯವಂತರಲ್ಲೂ ಒಂದಿಷ್ಟು ಕೊಬ್ಬಿರುತ್ತದೆ. ಇದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಗೋಡೆಯಂಥ ಪದರವಿಲ್ಲ. ಎರಡಕ್ಕೂ ರಕ್ತ ಒದಗಿಸುವುದು ಅದೇ ಕರೋನರಿ ನಾಳಗಳ ಕವಲುಗಳು. ಹೃದಯಕ್ಕೆ ಇಂಧನ ಒದಗಿಸುವುದು, ನಾಳಗಳಿಗೆ ಮೆತ್ತೆಯಾಗುವುದು ಇದರ ಸಹಜ ಕೆಲಸ. ಆದರೆ ಇದು ದಪ್ಪಗಾಗಿ ಉರಿಯೂತಕ್ಕೆ ಒಳಗಾದರೆ ಅದರ ಪರಿಣಾಮ ನೇರವಾಗಿ ಪಕ್ಕದ ಸ್ನಾಯುವಿಗೆ ಮತ್ತು ನಾಳಗಳಿಗೆ ತಟ್ಟುತ್ತದೆ.

ಇದನ್ನು ಅರಿಯಲು ನೆರವಾದದ್ದೇ ಹೃದಯ ಶಸ್ತ್ರಚಿಕಿತ್ಸೆ. ಎದೆ ತೆರೆದಾಗ ಮಾತ್ರ ಈ ಕೊಬ್ಬಿನ ಚೂರು ಸಿಗುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೈಪಾಸ್ ರೋಗಿಗಳ ಹೃದಯದ ಮೇಲಿನ ಕೊಬ್ಬನ್ನೂ ಕಾಲಿನ ಚರ್ಮದಡಿಯ ಕೊಬ್ಬನ್ನೂ ಹೋಲಿಸಲಾಯಿತು. ಹೃದಯದ ಮೇಲಿನ ಕೊಬ್ಬಿನಲ್ಲಿ ಉರಿಯೂತದ ಪ್ರೋಟೀನುಗಳು ಬಹಳ ಹೆಚ್ಚಾಗಿದ್ದವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ರಕ್ತದಲ್ಲಿನ ಮಟ್ಟ ನೋಡಿ ಹೃದಯದ ಮೇಲಿನ ಈ ಸ್ಥಿತಿಯನ್ನು ಊಹಿಸಲು ಆಗುತ್ತಿರಲಿಲ್ಲ. ತೋಳಿನಿಂದ ತೆಗೆದ ರಕ್ತ ಇಡೀ ದೇಹದ ಸರಾಸರಿ ಹೇಳುತ್ತದೆ. ಒಂದು ಮೂಲೆಯಲ್ಲಿ ನಡೆಯುವುದನ್ನೆಲ್ಲ ಹೇಳಲಾರದು.

ಈ ಸಂಬಂಧ ಎರಡೂ ದಿಕ್ಕಿನದು ಎಂಬುದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ತೋರಿಸಿತು. ಕರೋನರಿ ನಾಳದ ಗೋಡೆಯಲ್ಲಿ ಉರಿಯೂತವಿದ್ದರೆ, ಅದರ ಸುತ್ತಲಿನ ಕೊಬ್ಬುಕೋಶಗಳು ಸರಿಯಾಗಿ ಬಲಿಯುವುದಿಲ್ಲ, ಅವುಗಳಲ್ಲಿ ಕೊಬ್ಬಿನಂಶ ಕಡಿಮೆಯಾಗಿ ನೀರಿನಂಶ ಹೆಚ್ಚುತ್ತದೆ. ಈ ವ್ಯತ್ಯಾಸ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುತ್ತದೆ. ಅಂದರೆ ಕೊಬ್ಬು ಕೇಡು ಮಾಡುವುದಷ್ಟೇ ಅಲ್ಲ, ಪಕ್ಕದಲ್ಲಿ ಆಗುತ್ತಿರುವ ಕೇಡನ್ನು ದಾಖಲಿಸಿಕೊಳ್ಳುತ್ತದೆ ಕೂಡ.

ಶಸ್ತ್ರಚಿಕಿತ್ಸೆ ದೇಹವನ್ನು ಹೇಗೆ ಅಲುಗಿಸುತ್ತದೆ?

ಇಂದು ಬಳಕೆಯಲ್ಲಿರುವ ಬೈಪಾಸ್ ವಿಧಾನವನ್ನು ಪ್ರಚಲಿತಕ್ಕೆ ತಂದವರಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಪ್ರಮುಖರು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅವರು ಕಾಲಿನ ಅಭಿಧಮನಿಯನ್ನು ಬಳಸಿ ಕಟ್ಟಿಕೊಂಡ ಕರೋನರಿ ನಾಳಕ್ಕೆ ಬದಲಿ ದಾರಿ ಮಾಡಿಕೊಟ್ಟರು. ಅಂದಿನಿಂದ ಶಸ್ತ್ರಚಿಕಿತ್ಸೆ ಬಹಳ ಸುರಕ್ಷಿತವಾಗಿದೆ. ಆದರೂ ದೇಹದ ಮಟ್ಟಿಗೆ ಅದು ದೊಡ್ಡ ಪೆಟ್ಟೇ. ಎದೆಮೂಳೆಯನ್ನು ಉದ್ದಕ್ಕೆ ಸೀಳಬೇಕು. ಅನೇಕ ಸಂದರ್ಭಗಳಲ್ಲಿ ಹೃದಯವನ್ನು ನಿಲ್ಲಿಸಿ ರಕ್ತವನ್ನು ಯಂತ್ರದ ಮೂಲಕ ಹರಿಸಬೇಕು. ಯಂತ್ರದ ಪ್ಲಾಸ್ಟಿಕ್ ಕೊಳವೆಗಳನ್ನು ಮುಟ್ಟಿದ ರಕ್ತ, ಹೊರಗಿನ ಶತ್ರು ನುಗ್ಗಿದಂತೆ ಪ್ರತಿಕ್ರಿಯಿಸುತ್ತದೆ. ಇಂಟರ್‌ಲ್ಯೂಕಿನ್-6 ಕೆಲವೇ ಗಂಟೆಗಳಲ್ಲಿ ಏರುತ್ತದೆ. ಸಿಆರ್‌ಪಿ ಎರಡು ಮೂರನೆಯ ದಿನಕ್ಕೆ ಶಿಖರ ಮುಟ್ಟುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಸಿಆರ್‌ಪಿ ಬಹಳ ಹೆಚ್ಚಿದೆ ಎಂಬ ವರದಿ ನೋಡಿ ಮನೆಯವರು ಗಾಬರಿಯಾಗಬೇಕಿಲ್ಲ. ಅದು ನಿರೀಕ್ಷಿತ. ಇಳಿಯಬೇಕಾದ ಹೊತ್ತಿನಲ್ಲಿ ಇಳಿಯದೆ ಮತ್ತೆ ಏರಿದರೆ ಮಾತ್ರ ವೈದ್ಯರು ಸೋಂಕು ಹುಡುಕುತ್ತಾರೆ.

ಮೆಟಬಾಲಿಕ್ ಸಿಂಡ್ರೋಮ್ ಇರುವವರಲ್ಲಿ ಮೊದಲೇ ಇರುವ ಕೆಂಡದ ಮೇಲೆ ಈ ಗಾಳಿ ಬೀಸುತ್ತದೆ. ಶಸ್ತ್ರಚಿಕಿತ್ಸೆಯ ಒತ್ತಡದಿಂದ ಅಡ್ರಿನಲಿನ್, ಕಾರ್ಟಿಸಾಲ್ ಏರಿ ಸಕ್ಕರೆಯನ್ನು ಏರಿಸುತ್ತವೆ. ಮೊದಲೇ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ದೇಹದಲ್ಲಿ ಅದು ಇನ್ನಷ್ಟು ಏರುತ್ತದೆ. ಇಂಥವರಲ್ಲಿ ವೈದ್ಯರು ಹೆಚ್ಚು ಗಮನವಿಡುವ ತೊಂದರೆಗಳು ನಾಲ್ಕು.

ಒಂದು, ಎದೆಯ ಗಾಯದ ಸೋಂಕು. ಕೊಬ್ಬಿನ ಪದರಕ್ಕೆ ರಕ್ತದ ಪೂರೈಕೆ ಕಡಿಮೆ. ಸಕ್ಕರೆ ಹೆಚ್ಚಿದ್ದರೆ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಎರಡು, ಹೃದಯದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್. ಇದು ಬೈಪಾಸ್ ಆದವರಲ್ಲಿ ಸರಿಸುಮಾರು ನಾಲ್ಕರಲ್ಲಿ ಒಬ್ಬರಿಗೆ, ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ ಕಾಣಿಸಿಕೊಳ್ಳುತ್ತದೆ. ಹೃದಯದ ಮೇಲಿನ ಕೊಬ್ಬು ದಪ್ಪಗಿರುವವರಲ್ಲಿ ಇದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಮೂರು, ಮೂತ್ರಪಿಂಡಗಳ ಕೆಲಸ ಕುಂದುವುದು. ನಾಲ್ಕು, ಉಸಿರಾಟದ ತೊಂದರೆ: ಹೊಟ್ಟೆಯ ಬೊಜ್ಜು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದ ತಳಭಾಗ ಪೂರ್ತಿ ಅರಳುವುದಿಲ್ಲ.

ಶಸ್ತ್ರಚಿಕಿತ್ಸಕರ ಆಯ್ಕೆಗಳ ಮೇಲೂ ಇದರ ಪ್ರಭಾವವಿದೆ. ಎದೆಯ ಒಳಗೋಡೆಯ ಎರಡೂ ಅಪಧಮನಿಗಳನ್ನು ಬೈಪಾಸ್‌ಗೆ ಬಳಸಿದರೆ ಎದೆಮೂಳೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇದನ್ನು ಪರೀಕ್ಷಿಸಿದ ‘ಆರ್ಟ್’ ಎಂಬ ದೊಡ್ಡ ಪ್ರಯೋಗದಲ್ಲಿ ಎದೆಗಾಯದ ತೊಂದರೆ ಒಂದೇ ಅಪಧಮನಿ ಬಳಸಿದಾಗ ಶೇ. 1.9 ಇದ್ದರೆ, ಎರಡನ್ನೂ ಬಳಸಿದಾಗ ಶೇ. 3.5 ಇತ್ತು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವವರಲ್ಲಿ ವೈದ್ಯರು ಈ ಲೆಕ್ಕವನ್ನು ಎಚ್ಚರದಿಂದ ಹಾಕುತ್ತಾರೆ.

ಸೂಚಕ ಇಳಿದರೆ ಅಪಾಯವೂ ಇಳಿಯುತ್ತದೆಯೇ?

ಇಲ್ಲಿಯೇ ಸಾಮಾನ್ಯವಾಗಿ ಎಡವುವುದು. ಹೊಗೆ ಬೆಂಕಿಯ ಸೂಚಕ. ಆದರೆ ಬೀಸಣಿಗೆಯಿಂದ ಹೊಗೆಯನ್ನು ಓಡಿಸಿದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ. ‘ಉರಿಯೂತದ ಸೂಚಕ ಹೆಚ್ಚಿದ್ದವರಿಗೆ ತೊಂದರೆ ಹೆಚ್ಚು’ ಎಂಬುದರಿಂದ ‘ಸೂಚಕವನ್ನು ಇಳಿಸಿದರೆ ತೊಂದರೆ ತಪ್ಪುತ್ತದೆ’ ಎಂದು ತೀರ್ಮಾನಿಸಲು ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಹಾಗೆ ಪರೀಕ್ಷಿಸಿದ ಉತ್ತಮ ಉದಾಹರಣೆ 2016ರಲ್ಲಿ ಪ್ರಕಟವಾದ ‘ಸ್ಟಿಕ್ಸ್’ ಪ್ರಯೋಗ. ಚೀನಾದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 1,922 ಮಂದಿಯಲ್ಲಿ ಕೆಲವರಿಗೆ ರೋಸುವಾಸ್ಟಾಟಿನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ ಕೊಡಲಾಯಿತು. ಮಾತ್ರೆ ಪಡೆದವರಲ್ಲಿ ಕೊಲೆಸ್ಟ್ರಾಲೂ ಇಳಿಯಿತು, ಸಿಆರ್‌ಪಿಯೂ ಇಳಿಯಿತು. ಆದರೆ ಲಯ ತಪ್ಪುವ ತೊಂದರೆಯಾಗಲಿ ಹೃದಯದ ಸ್ನಾಯುವಿಗೆ ಆಗುವ ಹಾನಿಯಾಗಲಿ ಕಡಿಮೆಯಾಗಲಿಲ್ಲ. ಬದಲಿಗೆ ಮೂತ್ರಪಿಂಡದ ತೊಂದರೆ ತುಸು ಹೆಚ್ಚು ಕಂಡಿತು. (ಹೃದ್ರೋಗಿಗಳು ದೀರ್ಘಕಾಲ ಸ್ಟಾಟಿನ್ ತೆಗೆದುಕೊಳ್ಳುವುದರ ಪ್ರಯೋಜನ ಬೇರೆ ವಿಷಯ, ಅದು ಸಾಬೀತಾಗಿದೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು.) ಹಾಗೆಯೇ ಉರಿಯೂತವನ್ನು ಬಲವಾಗಿ ಅಡಗಿಸುವ ಸ್ಟೀರಾಯ್ಡನ್ನು ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳು 2012 ಮತ್ತು 2015ರಲ್ಲಿ ಪ್ರಕಟವಾದವು. ಎರಡನೆಯದರಲ್ಲಿ 7,507 ಮಂದಿ ಇದ್ದರು. ಸಾವು ಮತ್ತು ದೊಡ್ಡ ತೊಂದರೆಗಳನ್ನು ಒಟ್ಟಾಗಿ ಲೆಕ್ಕ ಹಾಕಿದಾಗ ಯಾವ ಪ್ರಯೋಗದಲ್ಲೂ ಸ್ಟೀರಾಯ್ಡಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ.

ಅಡಿಪೊನೆಕ್ಟಿನ್ ಇನ್ನೂ ಗೊಂದಲ ಹುಟ್ಟಿಸುತ್ತದೆ. ಆರೋಗ್ಯವಂತರಲ್ಲಿ ಇದು ಹೆಚ್ಚಿರುವುದು ಒಳ್ಳೆಯದು. ಆದರೆ ಹೃದಯ ವೈಫಲ್ಯ ಆಗಲೇ ಬಂದಿರುವವರಲ್ಲಿ ಅಡಿಪೊನೆಕ್ಟಿನ್ ಹೆಚ್ಚಿದ್ದಷ್ಟೂ ಸಾವಿನ ಪ್ರಮಾಣ ಹೆಚ್ಚು ಕಂಡಿದೆ. ದೇಹ ಕೃಶವಾಗುತ್ತಿರುವುದರ ಗುರುತು, ಇಲ್ಲವೇ ಹಾನಿಯನ್ನು ತಡೆಯಲು ದೇಹ ಮಾಡುತ್ತಿರುವ ಪ್ರಯತ್ನ ಎಂದು ಇದನ್ನು ವಿವರಿಸುತ್ತಾರೆ. ಅದೇ ಅಂಕಿ ಒಬ್ಬರಲ್ಲಿ ಶುಭ, ಇನ್ನೊಬ್ಬರಲ್ಲಿ ಅಶುಭ.

‘ಬೊಜ್ಜಿನ ವಿರೋಧಾಭಾಸ’

ದಪ್ಪಗಿರುವವರು ಶಸ್ತ್ರಚಿಕಿತ್ಸೆ ತಡೆದುಕೊಳ್ಳುವುದಿಲ್ಲ ಎಂಬ ಮೊದಲ ಮಾತಿಗೆ ಬರೋಣ. ಹೃದಯ ಶಸ್ತ್ರಚಿಕಿತ್ಸೆಯಾದವರ ದೊಡ್ಡ ದಾಖಲೆಗಳನ್ನು ನೋಡಿದಾಗ, ಸಾವಿನ ಪ್ರಮಾಣ ಕಡಿಮೆ ಇರುವುದು ತುಸು ದಪ್ಪಗಿರುವವರಲ್ಲಿ. ತೀರಾ ಕೃಶರಾದವರಲ್ಲಿ ಮತ್ತು ವಿಪರೀತ ಬೊಜ್ಜಿರುವವರಲ್ಲಿ ಹೆಚ್ಚು. ಇದಕ್ಕೆ ಹಲವು ಕಾರಣಗಳಿರಬಹುದು. ಕೃಶವಾಗಿರುವವರಲ್ಲಿ ಅನೇಕರು ಬೇರೆ ಕಾಯಿಲೆಯಿಂದ ಸೊರಗಿದವರು. ದಪ್ಪಗಿರುವವರು ಕಡಿಮೆ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಗೆ ಬರುತ್ತಾರೆ. ಕಾಯಿಲೆ ಬಿದ್ದಾಗ ದೇಹದಲ್ಲಿರುವ ದಾಸ್ತಾನೂ ನೆರವಿಗೆ ಬರುತ್ತದೆ. ಹಾಗೆಂದು ಬೊಜ್ಜು ಒಳ್ಳೆಯದು ಎಂದಲ್ಲ. ಅವರನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ತಂದದ್ದರಲ್ಲಿ ಅದರ ಪಾಲೂ ಇದೆ, ಗಾಯದ ಸೋಂಕೂ ಅವರಲ್ಲೇ ಹೆಚ್ಚು. ಆದರೆ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ದಪ್ಪಗಿದ್ದಾರೆ ಎಂಬ ಒಂದೇ ಕಾರಣಕ್ಕೆ ತಪ್ಪಿಸಲು ಆಧಾರವಿಲ್ಲ.

ತೆಳ್ಳಗಿನ ಮೈ, ಒಳಗಿನ ಕೊಬ್ಬು

ಈಗ ಎರಡನೆಯ ಮಾತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ದೇಹದಲ್ಲಿ ಶೇ. 21.2. ಅವರಿಬ್ಬರ ಹೆಸರಿನ ಮೊದಲಕ್ಷರದಿಂದ ಇದಕ್ಕೆ ‘ವೈ-ವೈ ವಿರೋಧಾಭಾಸ’ ಎಂಬ ಹೆಸರು ಬಂತು. ಭಾರತೀಯರಲ್ಲಿ ಅದೇ ತೂಕಕ್ಕೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು.

ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ನಮ್ಮ ಮೈಸೂರಿನಿಂದಲೂ ಬಂದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಮೈಸೂರು ಪಾರ್ಥೆನಾನ್ ಅಧ್ಯಯನ’ದಲ್ಲಿ, ಈ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಎಲ್ಲ ಅಳತೆಗಳಲ್ಲೂ ಚಿಕ್ಕವಾಗಿದ್ದರೂ ಬೆನ್ನಿನ ಮೇಲ್ಭಾಗದ ಕೊಬ್ಬಿನಲ್ಲಿ ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ.

ಹಾಗಾಗಿ ‘ತೆಳ್ಳಗಿದ್ದಾರೆ’ ಎಂಬ ಮಾತು ನಮ್ಮಲ್ಲಿ ಹೆಚ್ಚು ಭರವಸೆ ಕೊಡುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮಧ್ಯವಯಸ್ಕರಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಅಪರೂಪವಲ್ಲ. ಸ್ನಾಯು ಕಡಿಮೆ ಇರುವುದು ಶಸ್ತ್ರಚಿಕಿತ್ಸೆಯ ನಂತರ ಎದ್ದು ನಡೆದಾಡುವುದಕ್ಕೂ ತೊಡಕು.

ಕೊಬ್ಬು ನೆರವಾಗುವ ಹೊತ್ತು

ಕೊಬ್ಬನ್ನು ಬರೀ ಖಳನಾಯಕನನ್ನಾಗಿ ಮಾಡಿದರೆ ಅನ್ಯಾಯವಾಗುತ್ತದೆ. ಬೈಪಾಸ್ ನಂತರ ಎದೆಮೂಳೆಗೆ ತೀವ್ರ ಸೋಂಕು ತಗುಲಿದರೆ, ಹೊಟ್ಟೆಯೊಳಗೆ ಕರುಳಿನ ಮೇಲೆ ಸೆರಗಿನಂತೆ ಹರಡಿರುವ ಓಮೆಂಟಮ್ ಎಂಬ ಕೊಬ್ಬಿನ ಪದರವನ್ನು ಎದೆಗೆ ತಂದು ಗಾಯವನ್ನು ಮುಚ್ಚುವ ವಿಧಾನ ಬಳಕೆಯಲ್ಲಿದೆ. ಅದರಲ್ಲಿ ರಕ್ತನಾಳಗಳೂ ರಕ್ಷಣಾ ಕೋಶಗಳೂ ಹೇರಳ.

ಇನ್ನೊಂದು ಉದಾಹರಣೆ ಸ್ವೀಡನ್ನಿನ ಓರೆಬ್ರೊ ನಗರದ್ದು. ಕಾಲಿನ ಅಭಿಧಮನಿಯನ್ನು ತೆಗೆಯುವಾಗ ಸುತ್ತಲಿನ ಕೊಬ್ಬನ್ನು ಕೆರೆದು ಹಾಕದೆ ಹಾಗೆಯೇ ಉಳಿಸಿಕೊಂಡು ಬೈಪಾಸ್‌ಗೆ ಬಳಸುವ ವಿಧಾನವನ್ನು ಶಸ್ತ್ರಚಿಕಿತ್ಸಕ ಡೊಮಿಂಗೋಸ್ ಸೌಜಾ ಅಲ್ಲಿ ರೂಪಿಸಿದರು. ಹೀಗೆ ಮಾಡಿದ ನಾಳಗಳು ಹೆಚ್ಚು ಕಾಲ ತೆರೆದಿರುತ್ತವೆ ಎಂದು ಕೆಲವು ಪ್ರಯೋಗಗಳು ತೋರಿಸಿದವು. ಈಚಿನ ದೊಡ್ಡ ಪ್ರಯೋಗವೊಂದರಲ್ಲಿ ಆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ, ಕಾಲಿನ ಗಾಯದ ತೊಂದರೆ ಹೆಚ್ಚಿತ್ತು. ಚರ್ಚೆ ಮುಂದುವರಿದಿದೆ.

ಹಾಗಾದರೆ ಪರೀಕ್ಷೆ ಮಾಡಿಸಬೇಕೇ?

ಲೆಪ್ಟಿನ್, ಅಡಿಪೊನೆಕ್ಟಿನ್, ರೆಸಿಸ್ಟಿನ್‌ಗಳಂಥ ಪರೀಕ್ಷೆಗಳು ಸಂಶೋಧಕರಿಗೆ ಬಹಳ ಉಪಯುಕ್ತ. ಆದರೆ ನಿಮ್ಮ ಮನೆಯವರ ಶಸ್ತ್ರಚಿಕಿತ್ಸೆಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಅವು ಬೇಕಿಲ್ಲ. ಹೃದಯ ಶಸ್ತ್ರಚಿಕಿತ್ಸೆಯ ಅಪಾಯವನ್ನು ಅಂದಾಜಿಸಲು ಜಗತ್ತಿನಾದ್ಯಂತ ಬಳಸುವ ‘ಯೂರೋಸ್ಕೋರ್-2’ ಎಂಬ ಲೆಕ್ಕದಲ್ಲಿ ವಯಸ್ಸು, ಮೂತ್ರಪಿಂಡದ ಕೆಲಸ, ಹೃದಯದ ಪಂಪ್ ಮಾಡುವ ಶಕ್ತಿ, ಇನ್ಸುಲಿನ್ ಪಡೆಯುವ ಸಕ್ಕರೆ ಕಾಯಿಲೆ, ಓಡಾಡುವ ಸಾಮರ್ಥ್ಯ, ಶಸ್ತ್ರಚಿಕಿತ್ಸೆ ಎಷ್ಟು ತುರ್ತು ಎಂಬಂಥ ಅಂಶಗಳಿವೆ. ಕೊಬ್ಬಿನ ಹಾರ್ಮೋನುಗಳಿಲ್ಲ. ಅವುಗಳ ಮಟ್ಟ ಗೊತ್ತಾದರೂ, ಅದನ್ನು ನೋಡಿ ಚಿಕಿತ್ಸೆಯಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ. ಬದಲಾವಣೆಗೆ ದಾರಿ ತೋರದ ಪರೀಕ್ಷೆಗೆ ಹಣ ಹಾಕುವುದಕ್ಕಿಂತ ಆ ಹಣವನ್ನು ಶಸ್ತ್ರಚಿಕಿತ್ಸೆಯ ನಂತರದ ಆರೈಕೆಗೆ ಇಟ್ಟುಕೊಳ್ಳುವುದು ಲೇಸು.

ನಿಜಕ್ಕೂ ಉಪಯೋಗವಾಗುವ ಪರೀಕ್ಷೆಗಳು ಸರಳವಾದವು: ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್, ರಕ್ತಹೀನತೆಗಾಗಿ ಹಿಮೋಗ್ಲೋಬಿನ್, ರಕ್ತದೊತ್ತಡ, ಮತ್ತು ಸೊಂಟದ ಅಳತೆ.

ರೋಗಿ ಮತ್ತು ಮನೆಯವರು ಮಾಡಬಹುದಾದದ್ದು

ಸಕ್ಕರೆ ಹತೋಟಿ: ಇದರಷ್ಟು ಗಟ್ಟಿ ಸಾಕ್ಷ್ಯವಿರುವ ಕ್ರಮ ಕಡಿಮೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸಕ್ಕರೆ ಕಾಯಿಲೆಯ ಹೃದ್ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಆಗಾಗ ಚುಚ್ಚುವ ಬದಲು ಸತತವಾಗಿ ಇನ್ಸುಲಿನ್ ಹನಿಸಿದಾಗ ಎದೆಯ ಆಳದ ಸೋಂಕು ಶೇ. 2ರಿಂದ ಶೇ. 0.8ಕ್ಕೆ ಇಳಿಯಿತು ಎಂದು 1999ರಲ್ಲಿ ವರದಿಯಾಯಿತು. ಆದರೆ ಅತಿಯಾದರೂ ಅಪಾಯವೇ. ತೀವ್ರ ನಿಗಾ ಘಟಕಗಳ 6,000ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ‘ನೈಸ್-ಶುಗರ್’ ಪ್ರಯೋಗದಲ್ಲಿ (2009) ಸಕ್ಕರೆಯನ್ನು ಬಹಳ ಬಿಗಿಯಾಗಿ ಇಳಿಸಿದವರಲ್ಲೇ ಸಾವು ಹೆಚ್ಚಾಯಿತು. ಹಾಗಾಗಿ ಐಸಿಯುನಲ್ಲಿ ಸಕ್ಕರೆ 160 ಇದೆ ಎಂದರೆ ಗಾಬರಿ ಬೇಡ. ಸಾಮಾನ್ಯವಾಗಿ 180ರೊಳಗೆ ಇಡುವುದು ಗುರಿ.

ಔಷಧಗಳ ಪಟ್ಟಿ: ಸಕ್ಕರೆಗೆ ಕೊಡುವ ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆಗಳನ್ನು ನಿಗದಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಉಪವಾಸ ಬೇಡ: ಶಸ್ತ್ರಚಿಕಿತ್ಸೆಗೆ ಎರಡು ವಾರವಿರುವಾಗ ಊಟ ಬಿಟ್ಟು ತೂಕ ಇಳಿಸಲು ಹೋದರೆ ಕರಗುವುದರಲ್ಲಿ ಸ್ನಾಯುವಿನ ಪಾಲೂ ದೊಡ್ಡದು. ಗಾಯ ಮಾಯಲು ಪ್ರೋಟೀನ್ ಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿನ್ನಲಿ. ತೂಕ ಇಳಿಸುವ ಕೆಲಸ ಚೇತರಿಕೆಯ ನಂತರ ನಿಧಾನವಾಗಿ ಆಗಲಿ.

ಬೀಡಿ, ಸಿಗರೇಟು, ಹೊಗೆಸೊಪ್ಪು: ಗೊತ್ತಾದ ದಿನವೇ ನಿಲ್ಲಿಸಬೇಕು.

ಉಸಿರಾಟ ಮತ್ತು ನಡಿಗೆ: ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಉಸಿರಾಟದ ಸಾಧನವನ್ನು ಮೊದಲೇ ರೂಢಿ ಮಾಡಿಕೊಂಡರೆ ಅನುಕೂಲ. ಮನೆಗೆ ಬಂದ ಮೇಲೆ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಮೇಲ್ವಿಚಾರಣೆಯಲ್ಲಿ ನಡೆಯುವ ವ್ಯಾಯಾಮ, ಸಿಗುವಂತಿದ್ದರೆ ತಪ್ಪಿಸಬೇಡಿ.

ಎಚ್ಚರದ ಗುರುತುಗಳು: ಗಾಯದಿಂದ ಕೀವು, ಜ್ವರ, ಕೆಮ್ಮಿದಾಗ ಎದೆಮೂಳೆ ‘ಕಟ್’ ಎಂದು ಅಲುಗಾಡುವುದು, ಎದೆ ಒಂದೇ ಸಮನೆ ಲಯ ತಪ್ಪಿ ಬಡಿದುಕೊಳ್ಳುವುದು, ಉಸಿರುಗಟ್ಟುವುದು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಒಟ್ಟಿನಲ್ಲಿ

• ‘ದಪ್ಪಗಿದ್ದರೆ ಬೈಪಾಸ್ ಮಾಡಬಾರದು’: ತಪ್ಪು. ಕೆಲವು ತೊಂದರೆಗಳು ಹೆಚ್ಚು, ಅದಕ್ಕೆ ತಯಾರಿ ಬೇಕು.
• ‘ತೆಳ್ಳಗಿದ್ದರೆ ಚಿಂತೆಯಿಲ್ಲ’: ತಪ್ಪು. ಸೊಂಟ, ಸಕ್ಕರೆ, ಸ್ನಾಯುಬಲ ನೋಡದೆ ಹೇಳಲಾಗದು.
• ‘ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಸಿದರೆ ಹೃದಯಕ್ಕೆ ಒಳ್ಳೆಯದು’: ತಪ್ಪು. ಹೀರುವುದು ಚರ್ಮದಡಿಯ ಕೊಬ್ಬನ್ನು ಮಾತ್ರ.
• ‘ಕೊಬ್ಬಿನ ಹಾರ್ಮೋನು ಪರೀಕ್ಷೆ ಚೇತರಿಕೆಯನ್ನು ಮೊದಲೇ ಹೇಳುತ್ತದೆ’: ಸಂಶೋಧನೆ ನಡೆದಿದೆ, ಆದರೆ ಚಿಕಿತ್ಸೆಯ ತೀರ್ಮಾನಕ್ಕೆ ಇನ್ನೂ ಬಳಕೆಯಲ್ಲಿಲ್ಲ.

ಟೇಲರ್ ಬಳಸುವ ಟೇಪೊಂದು ಮನೆಯಲ್ಲಿದ್ದರೆ ಇವತ್ತೇ ಒಂದು ಕೆಲಸ ಮಾಡಬಹುದು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟ ನಂತರ, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಅಳತೆ 90 ಅಥವಾ 80ರ ಗೆರೆ ಮುಟ್ಟಿದ್ದರೆ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದವರಿಗಷ್ಟೇ ಅಲ್ಲ, ಆ ದಿನ ಬಾರದಿರಲಿ ಎಂದು ಬಯಸುವ ಎಲ್ಲರಿಗೂ ಈ ಅಳತೆ ಉಪಯೋಗಕ್ಕೆ ಬರುತ್ತದೆ.